ಒಳಜೇಬು

ನ್ಯಾಯಾಧೀಶರ ಕರಿಯ ನಿಲುವಂಗಿಗೆ ಜೇಬು ಇಡಬಾರದು.
ಲುಬ್ಲಿನ್ನಿನ ಈ ಅಂಗಡಿಯಲ್ಲಿ ಕೂತು
ಅಪ್ಪ ಹೇಳಿಕೊಟ್ಟ ಮೊದಲ ಪಾಠ ಅದು.
ಸೂಜಿಗೆ ದಾರ ಪೋಣಿಸುವುದು ಆಮೇಲೆ ಬಂತು.

ವಕೀಲರದಕ್ಕೆ ಹಸಿರು ಅಂಚು,
ಸರಕಾರದ ಪರ ವಾದಿಸುವವರಿಗೆ ಕೆಂಪು,
ನ್ಯಾಯಾಧೀಶರಿಗೆ ನೇರಳೆ, ಕೊರಳ ನೆರಿಗೆಯೂ ನೇರಳೆ.
ಬಟ್ಟೆ ಅದೇ, ಕತ್ತರಿ ಅದೇ, ಕೂಲಿಯೂ ಅದೇ.
ತೋಳು ಎಷ್ಟು ಅಗಲ ಇರಬೇಕೆಂದರೆ
ಕೈ ಎತ್ತಿದಾಗ ಒಳಗಿನ ಮನುಷ್ಯ ಕಾಣಬಾರದು.

ಬೊಗುಮಿವಾ ರೆಶ್ಕೆ ಅವರದು
ಎಡಭುಜ ಬಲಕ್ಕಿಂತ ಒಂದು ಬೆರಳು ಕೆಳಗೆ.
ಇಪ್ಪತ್ತೆರಡು ವರ್ಷ ಕಡತ ಹೊತ್ತದ್ದಕ್ಕೆ ಇರಬೇಕು.
ಅಲ್ಲಿ ಒಂದಿಷ್ಟು ಹತ್ತಿ ತುಂಬಿ ಮಟ್ಟ ಮಾಡುತ್ತಿದ್ದೆ.
ಅವರಿಗೂ ಗೊತ್ತಿತ್ತು. ಇಬ್ಬರೂ ಬಾಯಿಬಿಡುತ್ತಿರಲಿಲ್ಲ.
ಮಾರ್ಚಿನಲ್ಲಿ, ಅಂಚು ಬಿಚ್ಚಿದೆಯೆಂದು ಕೊಟ್ಟು ಹೋದರು.
ಮೇ ತಿಂಗಳಲ್ಲಿ ಅವರನ್ನೇ ಕಳಚಿ ಪಕ್ಕಕ್ಕಿಟ್ಟರು.
ಮಂತ್ರಿಗೆ ಬೇಕಾದವನೊಬ್ಬನ ಮೊಕದ್ದಮೆಯಲ್ಲಿ
ಒಂದು ಪ್ರಶ್ನೆ ಹೆಚ್ಚಿಗೆ ಕೇಳಿದರಂತೆ.
ಅಂಗಿ ಇನ್ನೂ ಮೊಳೆಯಲ್ಲಿದೆ.
ಚೀಟಿ: ನಲವತ್ತು ಜ್ಲೋತಿ, ಬಾಕಿ.

ಈ ಗುರುವಾರ, ಕದ ಹಾಕುವ ಹೊತ್ತಿಗೆ,
ಒಬ್ಬ ಬಂದ. ಒಕ್ತಾವ್ಯಾನ್ ಜೆಂಬಾ.
ಹೆಸರು ಪತ್ರಿಕೆಯಲ್ಲಿ ಓದಿದ್ದೆ,
ಹೊಸ ಪರಿಷತ್ತು ಕಾಫಿ ಆರುವುದರೊಳಗೆ
ಅರವತ್ತು ಹೆಸರಿಗೆ ಕೈ ಎತ್ತಿದ ಮಾರನೆಯ ದಿನ.
ಇಪ್ಪತ್ತೊಂಬತ್ತನೆಯದು ಇವನದು.
ದುಷ್ಟನಂತೇನೂ ಕಾಣಲಿಲ್ಲ.
ಬೂಟಿನ ಹಿಮ ಬಾಗಿಲಲ್ಲೇ ಕೊಡವಿದ.
ಕಂಕುಳಲ್ಲಿ ಈರುಳ್ಳಿ ರೊಟ್ಟಿಯ ಪೊಟ್ಟಣ,
ಮಗಳಿಗೆ ಎಂದ, ನಾನು ಕೇಳದಿದ್ದರೂ.

"ಸೋಮವಾರಕ್ಕೆ ಬೇಕು. ಸಿದ್ಧವಾದದ್ದು ಇದೆಯೇ?"
ಕಣ್ಣು ಮೊಳೆಯ ಕಡೆ ಹೋಯಿತು.
"ಅದರ ಒಡತಿ ಇದ್ದಾರೆ," ಅಂದೆ.
ಗಂಟಲು ಸರಿಮಾಡಿಕೊಂಡ. ಕೆಲವರಿಗೆ ಅದೇ ಉತ್ತರ.

ಎದೆ ನೂರಾ ನಾಲ್ಕು. ಕೊರಳು ನಲವತ್ತೊಂದು.
ಅಳತೆಪಟ್ಟಿ ಕತ್ತನ್ನು ಸುತ್ತಿದಾಗ
ಉಗುಳು ನುಂಗಿದ್ದು ನನ್ನ ಬೆರಳಿಗೆ ತಿಳಿಯಿತು.
ಹೊಸ್ತಿಲ ತನಕ ಹೋಗಿ ತಿರುಗಿದ:
"ಒಳಗಡೆ ಒಂದು ಜೇಬು ಇರಲಿ.
ಫೋನ್ ಇಡಬೇಕು. ಯಾವ ಹೊತ್ತಿಗೆ ಕರೆ ಬರುತ್ತದೋ."

ಅಪ್ಪನ ಪಾಠ ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ.
ಅಪ್ಪ ಹೋದ ಮೇಲೆ ಅಟ್ಟದ ಪೆಟ್ಟಿಗೆಯಲ್ಲಿ
ಹಳೆಯ ಲೆಕ್ಕದ ಪುಸ್ತಕ ಸಿಕ್ಕಿತ್ತು:
ಅರವತ್ತೆಂಟು, ಅರವತ್ತೊಂಬತ್ತು, ಪಕ್ಷದ ಕಾಲ.
'ನಿಲುವಂಗಿ, ಒಳಜೇಬು ಸಹಿತ'. ಹತ್ತೊಂಬತ್ತು ಸಲ.
ಮುಂದೆ ಹೆಸರಿಲ್ಲ. ಅಳತೆ ಮಾತ್ರ.
ಹತ್ತೊಂಬತ್ತು ಸಲ ಹೊಲಿದು ಕಲಿತದ್ದನ್ನು
ನನಗೆ ಒಂದೇ ಮಾತಿನಲ್ಲಿ ದಾಟಿಸಿದ್ದ.

ಟ್ರಾಲಿಬಸ್ಸಿಗೆ ನಡೆಯುವಾಗ ಕೋರ್ಟಿನ ಮೆಟ್ಟಿಲ ಮೇಲೆ
ಗಾಜಿನ ಭರಣಿಗಳಲ್ಲಿ ಮೇಣದ ಬತ್ತಿ.
ಮೊದಲ ವಾರ ಬೀದಿ ತುಂಬ ಇದ್ದವು. ಈಗ ಹನ್ನೊಂದು.
ಎಣಿಸುವುದು ನನ್ನ ಚಟ, ಗುಂಡಿಗಳ ಸಹವಾಸ.
ಕೊನೆಯಲ್ಲಿ ಬೊಗುಮಿವಾ, ಬೂದುಬಣ್ಣದ ಕೋಟು,
ಹತ್ತಿಯಿಲ್ಲದ ಎಡಭುಜ ಇಳಿದ ಹಾಗೇ ಇತ್ತು.
ಎರಡು ಜೇಬು, ಎರಡರಲ್ಲೂ ಕೈ.
"ನಿಮ್ಮದು ಸಿದ್ಧವಿದೆ," ಅಂದೆ.
"ಇರಲಿ. ಆಗಾಗ ಧೂಳು ಹೊಡೆಯಿರಿ."
ನನ್ನ ಕಡೆ ಒಂದು ಬತ್ತಿ ಚಾಚಿದರು.
ಅಷ್ಟರಲ್ಲಿ ಬಸ್ಸು ಬಂತು. ಹತ್ತಿದೆ.

ಭಾನುವಾರ ರಾತ್ರಿ ಜೇಬು ಹೊಲಿದೆ.
ಒಂದನೇ ತಾರೀಕಿಗೆ ಅಂಗಡಿಯ ಬಾಡಿಗೆ.
ಯಂತ್ರದಲ್ಲಲ್ಲ, ಕೈಯಲ್ಲಿ, ಕಚ್ಚಾ ಹೊಲಿಗೆ,
ಕರಿಯ ಬಟ್ಟೆಯ ಮೇಲೆ ಬಿಳಿಯ ದಾರ,
ತುದಿಗೆ ಗಂಟು ಹಾಕದೆ.
ಒಂದು ಎಳೆ ಹಿಡಿದರೆ ಸಾಕು, ಜೇಬು ಕೈಗೆ ಬರುತ್ತದೆ.

ಆ ಎಳೆ ಎಂದಾದರೂ ಅವನ ಬೆರಳಿಗೆ ತಗುಲೀತು,
ಯಾರೋ ಸಾಕ್ಷಿ ನುಡಿಯುವಾಗ, ಎದೆಯ ಬಳಿ ಫೋನು ನಡುಗುವಾಗ.
ತಗುಲದೆಯೂ ಇದ್ದೀತು.
ಜೇಬಿಗೆ ಕೂಲಿ ಹಿಡಿಯಲಿಲ್ಲ.
ಲೆಕ್ಕದ ಪುಸ್ತಕದಲ್ಲಿ, ಅಳತೆಯ ಮುಂದೆ,
ಅವನ ಹೆಸರು ಪೂರ್ತಿ ಬರೆದಿದ್ದೇನೆ.