ಬಿಟ್ಟಪ್ಪ

ಬಿದ್ದಪ್ಪನಿಗೆ ಮೈಕಿನವನು ಇಟ್ಟ ಹೆಸರು ಬಿಟ್ಟಪ್ಪ.
ನಾಪೋಕ್ಲಿನ ಮೈದಾನದ ಮೂರು ಬದಿ ಅದಕ್ಕೆ ನಕ್ಕಿತು.
ನಾಲ್ಕನೆಯ ಬದಿಯಲ್ಲಿ ಗೋಲು, ಗೋಲಿನಲ್ಲಿ ನಾನು.
ಹೆಲ್ಮೆಟ್ಟಿನ ಜಾಲರಿಯೊಳಗೆ ನನಗೂ ನಗು ಬಂತು,
ಯಾರಿಗೂ ಕಾಣಲಿಲ್ಲ, ಪುಣ್ಯ.

ಆಮೇಲೆ ಚೆಂಡು ನನ್ನ ಕಡೆಗೇ ಬಂತು.

ಅವನ ಓಟ ಹೇಳಬೇಕು:
ಕಣದ ತುಂಬ ಹರಡಿದ ಕಾಫಿಯ ಮೇಲೆ
ಒಂದು ಕಾಳೂ ಮೆಟ್ಟದೆ ಓಡುವ ಮಗು.
ಇಬ್ಬರು, ಮೂವರು, ಅವರ ಸೆಂಟರ್ ಹಾಫ್ ಮಂಡಿಯೂರಿ ಕೂತ.
ಡಿ ಬರುತ್ತದೆ.
ಕೋಲು ಒಳಗೆ ಹೋಗುತ್ತದೆ, ಚೆಂಡು ಗೆರೆಯಲ್ಲೇ ಉಳಿಯುತ್ತದೆ,
ನೆಂಟರ ಮನೆ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ.

ರಾತ್ರಿ ಪೆಟ್ರೋಲ್ ಬಂಕಿನ ಪಕ್ಕ
ಜೀಪಿನ ಹಿಂಬಾಗಿಲು ಇಳಿಸಿ ಒಕ್ಕದ ಪಂಚಾಯ್ತಿ.
ಉತ್ತಯ್ಯ ಭಾವ ಕ್ಯಾಪ್ಟನ್.
ಥರ್ಮಾಸಿನ ಮುಚ್ಚಳದಲ್ಲಿ ಕಾಫಿ ಅಳೆದು ಕೊಟ್ಟು ಕೇಳಿದರು:
ನಾಳೆ ಆಡಿಸೋದೋ, ಕೂರಿಸೋದೋ?
ಅವನ ಓಟ ನೋಡೋಕೇ ಜನ ಬರೋದು, ಅಂದರು ತಂಗಮ್ಮ ಅತ್ತೆ.
ಜನ ಬರ್ತಾರೆ, ಚೆಂಡು ಬರೋದಿಲ್ಲ, ಅಂದರು ಭಾವ.
ಅಯ್ಯಣ್ಣ ಇದ್ದಾನಲ್ಲ, ಒಂದು ಸಲವೂ ಕಳೆದಿಲ್ಲ.

ನನ್ನದು ಸಹಕಾರ ಬ್ಯಾಂಕಿನಲ್ಲಿ ಕ್ಯಾಶು.
ಎಣಿಸದೆ ನನಗೆ ನಿದ್ದೆ ಹತ್ತುವುದಿಲ್ಲ.
ಹಳೇ ಚಲನಿನ ಬೆನ್ನಿಗೆ ಬರೆದಿಟ್ಟಿದ್ದೆ:
ನಾಲ್ಕು ಪಂದ್ಯ. ಬಿದ್ದಪ್ಪ ಡಿ ತನಕ ಒಯ್ದದ್ದು ಹತ್ತೊಂಬತ್ತು.
ಕಳೆದದ್ದು ಹನ್ನೊಂದು.
ಅದರಲ್ಲಿ ಎರಡು ನನ್ನ ಹಿಂದಿನ ಹಲಗೆಗೆ ಬಡಿದವು,
ಒಂದು ಹಲಗೆಗೆ ಹೋಗದೆ ನನ್ನ ತೊಡೆಯಲ್ಲಿ ನಿಂತಿತು,
ಇನ್ನೂ ಬದನೆಕಾಯಿ ಬಣ್ಣ.
ಉಳಿದ ಎಂಟರಲ್ಲಿ ಗೋಲು ಐದು.
ಸೆಮಿಫೈನಲಿಗೆ ನಾವು ಬಂದದ್ದು ಆ ಐದನ್ನು ಹತ್ತಿಕೊಂಡು.
ಅಯ್ಯಣ್ಣ ಒಯ್ದದ್ದು ಸೊನ್ನೆ, ಕಳೆದದ್ದು ಸೊನ್ನೆ.
ಟ್ಯಾಲಿ ಆಗುತ್ತದೆ ಅಯ್ಯಣ್ಣನ ಪುಸ್ತಕ.

ಓದಿ ಹೇಳಲು ಬಾಯಿ ತೆರೆದೆ,
ಅಷ್ಟರಲ್ಲಿ ಬಿದ್ದಪ್ಪನೇ ಬಂದ.
ನನ್ನನ್ನು ಕೂರಿಸಿ, ಅಂದ.
ಯಾರೂ ಅವನ ಮುಖ ನೋಡಲಿಲ್ಲ. ನಾನು ಕೈ ನೋಡಿದೆ.
ಹಾಕಿ ಕೋಲಿಗೆ ಟೇಪು, ಟೇಪಿನ ಮೇಲೆ ಟೇಪು,
ಪ್ರತಿ ಸೋಲಿಗೂ ಒಂದು ಸುತ್ತು,
ಹಿಡಿ ಅವನ ಮುಷ್ಟಿಗೇ ಹಿಡಿಸುತ್ತಿರಲಿಲ್ಲ.

ಹೊಸ ನೋಟಿನ ಕಟ್ಟೂ ಹೀಗೇ.
ಹೆದರಿ ಬಿಗಿಹಿಡಿದು ಎಣಿಸಿದರೆ
ಎರಡು ಅಂಟಿಕೊಂಡು ಒಂದಾಗಿ ಹೋಗುತ್ತವೆ.
ಕೆಲಸಕ್ಕೆ ಸೇರಿದ ಎರಡನೇ ವರ್ಷ
ಮೆಣಸಿನ ವ್ಯಾಪಾರಿಗೆ ಐದು ಸಾವಿರ ಹೆಚ್ಚು ಕೊಟ್ಟು ಕಳಿಸಿದ್ದೆ.
ಅವನು ಮತ್ತೆ ಆ ರಸ್ತೆಯಲ್ಲೇ ಬರಲಿಲ್ಲ.
ಮರುದಿನ ಮ್ಯಾನೇಜರು ಅದೇ ಕೌಂಟರಿನ ಬೀಗದ ಕೈ
ಮಾತಿಲ್ಲದೆ ನನ್ನ ಮುಂದಿಟ್ಟರು.
ಎಷ್ಟು ವರ್ಷ ಅದನ್ನು ದೊಡ್ಡ ಮನಸ್ಸು ಅಂದುಕೊಂಡಿದ್ದೆ!
ನಿವೃತ್ತಿಯ ದಿನ, ಹಾರ ಕೊರಳಲ್ಲಿರುವಾಗಲೇ ಕೇಳಿದೆ.
ಬೇರೆ ಯಾರಿದ್ದರು ದೇಚಮ್ಮ, ಅಂದರು,
ಪ್ಯೂನೂ ರಜೆಯಲ್ಲಿದ್ದ.

ಜೀಪಿನಲ್ಲಿ ಈ ಕತೆ ಹೇಳಲಿಲ್ಲ.
ಚಲನನ್ನೂ ಓದಲಿಲ್ಲ.
ಟೇಪು ಬಿಚ್ಚು, ಅಂದೆ, ಎರಡು ಸುತ್ತು ಉಳಿಸಿ.
ಉಗುರಿನಿಂದ ಕೊನೆ ಹುಡುಕುತ್ತ ಕೂತ, ಸಿಗಲಿಲ್ಲ.
ತಂಗಮ್ಮ ಅತ್ತೆ ಹಲ್ಲಿನಲ್ಲಿ ಕಚ್ಚಿ ಎಳೆದರು.
ಭಾವ ಉಳಿದ ಕಾಫಿ ಚೆಲ್ಲಿ ಜೀಪು ಸ್ಟಾರ್ಟ್ ಮಾಡಿದರು,
ಒಪ್ಪಿದರೋ, ನಿದ್ದೆ ಬಂದಿತ್ತೋ.

ಈಗ ಹತ್ತು ಗಂಟೆಯ ಬಿಸಿಲು, ಕೆಂಪು ಧೂಳು.
ಹದಿನಾಲ್ಕು ನಂಬರಿನ ಬೆನ್ನು ದೂರವಾಗುತ್ತಿದೆ.
ಒಬ್ಬನನ್ನು ದಾಟಿದ. ಇನ್ನೊಬ್ಬ.
ಮೈಕಿನವನು ಗಂಟಲು ಸರಿಮಾಡಿಕೊಳ್ಳುವುದು
ಇಡೀ ಮೈದಾನಕ್ಕೆ ಕೇಳಿಸುತ್ತಿದೆ.
ಎಡಗಾಲಿನ ಪ್ಯಾಡಿನ ಪಟ್ಟಿ ಇನ್ನೊಂದು ತೂತು ಬಿಗಿದೆ,
ಗೋಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು ನಿಂತೆ.
ಹೋಗು, ಅಂದೆ ಅವನಿಗೆ.
ಬಾ, ಅಂದೆ ಚೆಂಡಿಗೆ.