ಹಿತ್ತಲ ಗ್ವಾಡಿ

ನಮ್ಮ ಗುಳೇದಗುಡ್ಡದ ಲೈಬ್ರರಿಗೆ ಎರಡು ಬಾಗಲಾ.
ಮುಂದಿಂದು ಕಟಗೀದು, ಎಂಟಕ್ಕ ನಾನ ಕೀಲಿ ಹಾಕತೀನಿ.
ಇನ್ನೊಂದು ಹಿತ್ತಲ ಗ್ವಾಡಿ.
ಅದಕ್ಕ ಕದಾ ಇಲ್ಲ, ಕಿಡಕಿ ಇಲ್ಲ,
ಬರೇ ಕೆಂಪು ಕಲ್ಲು, ಅರ್ಧಾ ಉದರಿದ ಸುಣ್ಣಾ.
ಆದ್ರ ರಾತ್ರಿ ಮಂದಿ ಒಳಗ ಹೋಗೂದು ಅದರಾಗಿಂದನ.

ಮೂರನೇ ಕಲ್ಲಿನ ಸಂದಿ ಹತ್ರ ಮೂರು ಗೆರಿ ಬರತಾವ,
ಹುಣಸೀಗಿಡದ ಬುಡಕ್ಕ ಎರಡು,
ಗಟಾರ ದಾಟಿದ್ರ ಒಂದೂ ಇಲ್ಲ.
ಯಾವ ಇಂಜಿನಿಯರೂ ಬಂದು ಅಳದು ಹೇಳಲಿಲ್ಲ.
ಬಾವಿ ತೋಡೂ ಮುಂದ ಅಂಗೈಯಾಗ ತೆಂಗಿನಕಾಯಿ ಇಟಗೊಂಡು
ಹೊಲಾ ತಿರಗತಾರಲ್ಲ, ಹಂಗ
ಫೋನು ಹಿಡದು ತಿರಗಿ ತಿರಗಿ
ಮಂದೀನ ಕಂಡ ಹಿಡದಾರ, ಸೆಲಿ ಎಲ್ಲೈತಿ ಅಂತ.

ಗ್ವಾಡಿ ಮ್ಯಾಲ ಇದ್ದಲೀಲೆ ಪಾಸ್‌ವರ್ಡ್ ಬರದಾರ.
ಅದರ ಕೆಳಗ ಹಳೇ ಅಕ್ಷರ: ‘ಇಲ್ಲಿ ಮೂತ್ರ ಮಾಡಬಾರದು.’
ಹದಿನೈದು ವರ್ಷ ಆ ಮಾತು ಒಬ್ಬರೂ ಕೇಳಿದ್ದಿಲ್ಲ.
ಈಗ ಎಲ್ಲಾರೂ ಕೇಳತಾರ.

ಅಂಬಾಸಾ ಖಣದ ಫೋಟೋ ಪುಣೆಕ್ಕ ಕಳಸತಾನ,
ಸೂಜಿಮಲ್ಲಿಗಿ ಒಂದು, ಕ್ಯಾದಗಿ ಒಂದು.
ಬಣ್ಣ ಖರೇದು ಬರವಲ್ದು ಅಂತ ಬೈಕೋತನ ಕಳಸತಾನ.
ಪಾರವ್ವಗ ಸೊಲ್ಲಾಪುರದಾಗಿನ ಮೊಮ್ಮಗಳು;
ಕೂಸು ನಕ್ಕು, ಅತ್ತು, ಮಲಗಿದ ಮ್ಯಾಲ
ಮೊದಲಿನ ನಗಿ ಇಲ್ಲಿಗೆ ಬಂದು ಮುಟ್ಟತೈತಿ.
‘ಎಷ್ಟನೇ ನಂಬರ್ ನೂಲೋ ಇದು?’ ಅಂತ ಕೇಳಿದ್ಲು ಒಮ್ಮೆ,
‘ಹಿಂಗ ಘಳಿಗಿಗೊಮ್ಮೆ ಹರೀತೈತಿ!’
ಕಡ್ಡಿಪೆಟ್ಟಿಗಿಯಷ್ಟು ಡಬ್ಬಿ ಅವ್ವಾ ಅದು,
ನನಗರ ಏನ ಗೊತ್ತು.

ಆಷಾಢದಾಗ ಬಾಗಲಕೋಟಿಯಿಂದ ಸಾಹೇಬ್ರು ಬಂದ್ರು.
ರಜಿಸ್ಟರ್ ತಗದ್ರು: ದಿನದ ಓದುಗರು ಹನ್ನೊಂದು.
ಡಬ್ಬಿ ಲೆಕ್ಕಾ ತಗದ್ರು: ನೂರಾ ನಲವತ್ತು.
‘ಉಳದವ್ರು ಯಾರು?’
ನಾ ಗ್ವಾಡಿ ಕಡೆ ನೋಡಿದೆ.
ಗ್ವಾಡಿ ನನ್ನ ಕಡೆ ನೋಡಿತು.
‘ಎಂಟರ ಮ್ಯಾಲ ಸ್ವಿಚ್ ಬಂದ್,’ ಅಂದು ಸಹಿ ಮಾಡಿ,
ಒಂದು ಚಾ ಕುಡದು ಹೋದ್ರು.

ಅವತ್ತ ರಾತ್ರಿ ಬಂದ್ ಮಾಡಿದೆ.
ಜಗಳಾ ತಗೀತಾರ ಅನಕೊಂಡಿದ್ದೆ, ಯಾರೂ ತಗೀಲಿಲ್ಲ.
ಫೋನು ಝಾಡಿಸಿದ್ರು, ಮ್ಯಾಲೆತ್ತಿದ್ರು,
ಕಲ್ಲಿಗೆ ಹಚ್ಚಿ ಹಿಡದ್ರು.
ತಮ್ಮ ಫೋನಿಂದ ತಪ್ಪು ಅನಕೊಂಡ್ರು.

ಮನ್ಯಾಗ ರೊಟ್ಟಿ ಮುರದು ಬಾಯಿಗೆ ಇಡೂದ್ರಾಗ
ಒಂದು ಮಿಸ್‌ಕಾಲ್.
ಮತ್ತೊಂದು.
ಮೆಹಜಬೀನ. ಮಾತಾಡಾಕ ಬ್ಯಾಲೆನ್ಸ್ ಇಲ್ಲದಾಕಿ.
ಅಂಗನವಾಡಿ ಸಹಾಯಕಿ ಅರ್ಜಿ, ಅವತ್ತ ಕಡೀ ದಿನ.
ಫೋಟೋ ಐವತ್ತು ಕೆಬಿ ಒಳಗಿರಬೇಕಂತ
ತನ್ನ ಮಾರೀನ ಮೂರು ಸಲ ಸಣ್ಣದು ಮಾಡಿದ್ಲು,
ನಾಲ್ಕನೇದಕ್ಕ ನಾ ಕೀಲಿ ಹಾಕಿದ್ದೆ.

ಚಪ್ಪಲಿ ಮರತು ಓಡಿದೆ.
ಕದಾ ತಗದೆ. ಕತ್ತಲದಾಗ ಪುಸ್ತಕದ ವಾಸನಿ,
ಕಪಾಟಿನ ಹಿಂದ ಇಲಿ.
ಸ್ವಿಚ್ ಒತ್ತಿದೆ.
ಮೊದಲ ಕೆಂಪು, ಆಮ್ಯಾಲ ಏನೂ ಇಲ್ಲ,
ಏನೂ ಇಲ್ಲ,
ಆಮ್ಯಾಲ ಹಸಿರು.
ಗ್ವಾಡಿ ಆ ಕಡೆಯಿಂದ ಯಾರೋ ‘ಬಂತು’ ಅಂದ್ರು,
ನಳಾ ಬಿಟ್ಟಾಗ ಓಣ್ಯಾಗ ಅಂತಾರಲ್ಲ, ಹಂಗ.

ಹನ್ನೊಂದು ಐವತ್ತೆರಡಕ್ಕ ಅರ್ಜಿ ಹೋತು.
ನೌಕರಿ ಬಂತೋ ಇಲ್ಲೋ ಕೇಳಬ್ಯಾಡ್ರಿ,
ಪಟ್ಟಿ ಇನ್ನೂ ಹಚ್ಚಿಲ್ಲ.

ನಾ ರಜಿಸ್ಟರ್ ತಗದು ಬರದೆ:
ಓದುಗರು, ಒಬ್ಬರು.
ಓದಿದ್ದು, ಅರ್ಜಿ.
ವೇಳೆ ಬರಿಯೂ ಮುಂದ ಕೈ ಒಂಚೂರು ತಡೀತು.
ಬರದೆ.

ಈಗ ಸ್ವಿಚ್ ಕೆಟ್ಟೈತಿ.
ಅಂಬಾಸಾನ ನೋಡಿ ಹೇಳ್ಯಾನ, ಬಂದ್ ಆಗಂಗಿಲ್ಲಂತ.
ಅಂವಗ ಕರೆಂಟಿನ ಕೆಲಸಾ ಬರಂಗಿಲ್ಲ, ಅದು ಬ್ಯಾರೆ ಮಾತು.
ಮುಂದಿನ ಕಿಡಕಿಯಿಂದ ಹಸಿರು ಕಾಣತೈತಿ ಅಂತ
ಡಬ್ಬಿ ಮುಂದ ನಾ ಒಂದು ದಪ್ಪನ ಪುಸ್ತಕ ನಿಲ್ಲಿಸೀನಿ,
ಯಾರೂ ಒಯ್ಯಲಾರದ್ದು.