ಗುಂಡಿ

ಮಿಕ್ಸರಿನ ಕಾರ್ಬನ್ ಸವದಿತ್ತು, ಹೊತ್ಕೊಂಡು ಬಂದಿದ್ದೆ
ಜಮಖಂಡಿ ಹಳೇ ಬಸ್‌ಸ್ಟ್ಯಾಂಡ್ ಹಿಂದ
ದಾವಲಸಾಬನ ರಿಪೇರಿ ಅಂಗಡಿಗೆ.
"ಅರ್ಧಾ ತಾಸು ಕುಂದರ್ರಿ ಅಕ್ಕಾರ" ಅಂದ.
ಕುಂತೆ. ಸ್ಟೂಲಿನ ಒಂದು ಕಾಲು ಗಿಡ್ಡ.

ಮೂಲ್ಯಾಗ ಗೂನಬೆನ್ನಿನ ಟೀವಿ,
ಅದರ ಮುಂದ ಬೂದಿಬಣ್ಣದ ಒಂದು ಡಬ್ಬಿ.
ಯಾರೋ ರಿಪೇರಿಗೆ ಕೊಟ್ಟು ಹನ್ನೊಂದು ವರ್ಷ,
ಒಯ್ಯಾಕ ಬಂದೇ ಇಲ್ಲಂತ.
ಹೆಸರಿನ ಚೀಟಿ ಇನ್ನೂ ಅಂಟೈತಿ, ಅಕ್ಷರ ಹೋಗ್ಯಾವ.
ಅಂಗಡಿ ಹುಡುಗ ತನವೀರ
ಗಂಟಾದ ವಯರು ಬಿಡಿಸಿ
ಎರಡು ಹಿಡಿಕಿ ರಿಮೋಟು ನನ್ನ ಉಡಿಗೆ ಹಾಕಿದ:
"ಮಾವಶಿ, ಒಂದ ಕುಸ್ತಿ."

ಕುಸ್ತಿ!
ಭರಮಣ್ಣ ಪೈಲ್ವಾನನ ಮಗಳು ನಾ.
ಐವತ್ತೆರಡು ವರ್ಷದಾಗ
ಆ ಮಾತಿಗೆ ನನ್ನ ಯಾರೂ ಕರದಿದ್ದಿಲ್ಲ.

ಪರದೆ ಮ್ಯಾಲ ಎಂಟು ಮುಖ.
ತಲಿಗೆ ಪಟ್ಟಿ ಕಟ್ಟಿದಂವ, ಒಕ್ಕಣ್ಣಿನಂವ,
ಬೆನ್ನ ತುಂಬ ಹುಲಿ ಬರಸ್ಕೊಂಡಂವ.
ನಾ ಆರಿಸಿದ್ದು ಎರಡು ಜಡಿ ಹೆಣ್ಣಮಗಳನ್ನ.
ಗಿಡ್ಡಕಿ, ತೊಡಿ ದಪ್ಪ, ನನ್ನಂಗ.
"ಆಕಿ ಬ್ಯಾಡ್ರಿ, ಭಾಳ ಸಾವಕಾಶ."
ಇರಲಿ. ನಂಗೂ ಅವಸರಿಲ್ಲ.

ಮೊದಲನೇ ಸುತ್ತು
ಹನ್ನೆರಡು ಸೆಕೆಂಡಿಗೆ ಮುಗೀತು.
ಎರಡನೇದೂ.
ಎಡಕ್ಕ ಒತ್ತಿದ್ರ ನನ್ನ ಮೈನೂ ಎಡಕ್ಕ ವಾಲತಿತ್ತು,
ಸ್ಟೂಲು ಕುಟ್ ಅಂತಿತ್ತು,
ಆಕಿ ಮಾತ್ರ ಖಾಲಿ ಗಾಳಿಗೆ ಒದ್ದು
ತಾನೇ ಬೀಳಾಕಿ.
ಚೌಕದ ಗುಂಡಿ, ತ್ರಿಕೋನದ ಗುಂಡಿ,
ಗುಣಾಕಾರದ ಗುಂಡಿ ಅಂತೂ ಒತ್ತಿದ್ರ ಒಳಗೇ ಕುಂದರತೈತಿ,
ಉಗುರು ಹಾಕಿ ಎಬ್ಬಸಬೇಕು.

ಗುಂಡಿ.
ನಮ್ಮ ಮನ್ಯಾಗ ಆ ಮಾತಿಗೆ ಬ್ಯಾರೇ ಅರ್ಥ ಇತ್ತು.
ಗರಡಿ ನಡುವ ಕೆಂಪುಮಣ್ಣಿನ ಗುಂಡಿ.
ಅದಕ್ಕ ಮಜ್ಜಿಗಿ, ಎಳ್ಳೆಣ್ಣಿ, ಅರಿಷಿಣ, ಲಿಂಬಿಹಣ್ಣು,
ಅವ್ವ ನಾನು ಹೊತ್ತೊಯ್ದು
ಹೊಸ್ತಿಲ ಹೊರಗ ಇಟ್ಟು ಬರತಿದ್ವಿ.
ಬೆಳಕಿಂಡಿಗೆ ಕಣ್ಣು ಹಚ್ಚಿ ಕಲ್ತೆ
ಘಿಸ್ಸಾ, ಢಾಕ, ಏಕಚಾಕ, ಬರೇ ಹೆಸರು.
ಒಮ್ಮೆ ಹಿತ್ತಲದಾಗ ಹೊಟ್ಟಿನ ಚೀಲಕ್ಕ
ಢಾಕ ಹಾಕಿ ನೋಡಿದ್ದೆ.
ಚೀಲ ಹರೀತು, ಬೈಸ್ಕೊಂಡೆ,
ಕುಸ್ತಿಗಲ್ಲ, ಹೊಟ್ಟಿಗೆ.

ಮೂರನೇ ಸಲ ನಾ ಏನೂ ಒತ್ತಲಿಲ್ಲ.
ಸುಮ್ನ ನೋಡಿದೆ.
ಯಾರೂ ಏನೂ ಮಾಡದಿದ್ರೂ
ಇಬ್ಬರೂ ಉಸಿರಾಡತಾರಲ್ಲ!
ಭುಜ ಏರತಾವ, ಇಳೀತಾವ,
ಜಡಿ ತುದಿ ತುಸು ಅಲಗತೈತಿ.
"ಮಾವಶಿ, ಒತ್ರಿ! ಒತ್ರಿ!"
ತಡಿಯೋ ತಮ್ಮಾ.
ಕಿಂಡಿ ಆಚೆ ಅಪ್ಪ ಹುಡುಗರಿಗೆ ಹೇಳತಿದ್ದ:
ಕೈ ನೋಡಬ್ಯಾಡ, ಕಣ್ಣು ನೋಡಬ್ಯಾಡ,
ಎದಿ ನೋಡು.
ಉಸಿರು ಎಳಕೊಂಡ ಮನಷ್ಯಾ ಹಗುರ ಇರತಾನ,
ಆವಾಗ ಎತ್ತು.

ಹುಲಿಬೆನ್ನಿನಂವ ಹಾರಿ ಬಂದ.
ಭುಜ ಏರಿದ್ವು.
ಎರಡೂ ಹೆಬ್ಬೆರಳು ಒಮ್ಮೆಲೇ.

ಆಕಿ ಅವನ ಸೊಂಟಕ್ಕ ಕೈ ಹಾಕಿ
ಎತ್ತಿ, ತಿರುವಿ, ಚಿತ್ ಮಾಡಿದ್ಲು.
ಟೀವಿ ಇಂಗ್ಲೀಷಿನ್ಯಾಗ ಏನೋ ಒದರಿತು.
ತನವೀರ ಬಾಯಿ ತೆರೆದವ ಮುಚ್ಚಲಿಲ್ಲ:
"ಆ ಪಟ್ಟು ನಂಗೂ ಗೊತ್ತಿದ್ದಿಲ್ಲ. ಹೆಂಗ ಒತ್ತಿದ್ರಿ?"
ನೆನಪಿಲ್ಲಪಾ.

ಅದು ಒಂದ ಸಲ.
ಆಮ್ಯಾಲ ಒಂಬತ್ತು ಸಲ ಸೋತೆ.
ಗುಣಾಕಾರದ ಗುಂಡಿ ಹೊಳ್ಳಿ ಏಳಲೇ ಇಲ್ಲ.
ದಾವಲಸಾಬ ಮಿಕ್ಸರು ಎರಡು ಸರ್ತಿ ಗಿರ್ರ್ ಅನಿಸಿ ತೋರ್ಸಿದನಂತ,
ನಂಗ ಕೇಳಿಸಿಲ್ಲ.
ನೂರಾ ಇಪ್ಪತ್ತು ಕೊಟ್ಟೆ.

ಬಸ್ಸಿನ್ಯಾಗ ಕುಂತು ನೋಡ್ಕೊಂಡ್ರ
ಹೆಬ್ಬೆರಳಿನ ಮ್ಯಾಲ ಸಣ್ಣ ಗುಣಾಕಾರ ಮೂಡೇತಿ,
ತಿಕ್ಕಿದ್ರ ಇನ್ನಷ್ಟು ಕೆಂಪ.
ಮುಂದಿನ ವಾರ ಇಸ್ತ್ರಿಪೆಟ್ಟಿಗಿ ತರತೇನಿ ಅಂದು ಬಂದೇನಿ.
ಅದಿನ್ನೂ ಕೆಟ್ಟಿಲ್ಲ.